ನೆರಳು ಮುಂದೆ

ಬೆಲ್ಲು ಹೊಡೆದೆ, ಮೂರು ಸಲ.
ಮೊದಲನೆಯದು ಮರ್ಯಾದೆಗೆ,
ಎರಡನೆಯದು ಅವಸರಕ್ಕೆ,
ಮೂರನೆಯದು, ಸುಳ್ಳೇಕೆ, ಸಿಟ್ಟಿಗೆ.
ಹಿಂದೆ ಸಿದ್ದಾಪುರದ ಬೇಕರಿಯ ತಗಡಿನ ಪೆಟ್ಟಿಗೆ,
ಒಳಗೆ ಬಿಸಿ ಆರದ ನೂರಿಪ್ಪತ್ತು ಬನ್ನು.
ಮುಂದೆ, ತೋಟದ ಬೇಲಿಗೂ ಚರಂಡಿಗೂ ನಡುವಿನ
ಮೂರಡಿ ದಾರಿಯ ಸರೀ ಮಧ್ಯದಲ್ಲಿ
ಒಬ್ಬಳು ಹೆಂಗಸು, ತಲೆಗೆ ಟವೆಲು,
ಕೈಯಲ್ಲಿ ಸ್ಟೀಲಿನ ಬುತ್ತಿ.
ಸರಿಯಲಿಲ್ಲ.

ಇಳಿಜಾರು. ಬ್ರೇಕಿನ ರಬ್ಬರು
ಸವೆದು ವಾರವಾಗಿತ್ತು.
ನಾನು ಬೇಲಿಗೆ ಹೋದೆ, ಬನ್ನು ಚರಂಡಿಗೆ.
ಮೊಣಕೈ ಮೇಲೆ ಮುಳ್ಳುತಂತಿ ರುಜು ಹಾಕಿತು.
ಬಿದ್ದಲ್ಲಿಂದಲೇ ಬೈದೆ,
ಮಲಯಾಳದಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದೆ.
ಅವಳು ಇನ್ನೂ ನಡೆಯುತ್ತಲೇ ಇದ್ದಳು,
ಹತ್ತು ಹೆಜ್ಜೆ, ಹದಿನೈದು,
ಉರುಳಿಕೊಂಡು ಹೋದ ಒಂದು ಬನ್ನು
ಅವಳ ಹಿಮ್ಮಡಿ ಮುಟ್ಟಿ ನಿಲ್ಲುವ ತನಕ.

ಆಗ ತಿರುಗಿದಳು.
ನನ್ನ ಮುಖವನ್ನಲ್ಲ, ಬಾಯಿಯನ್ನು ನೋಡಿದಳು.
ಕಿವಿ ತೋರಿಸಿ, ಅಂಗೈ ಮಗುಚಿ,
ಖಾಲಿ, ಎಂದಳು.
ಬಾಯಿ ಮುಚ್ಚಿದೆ.
ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಬನ್ನು ಹೆಕ್ಕಿದೆವು.
ಮಣ್ಣಾಗದವು ಮೂವತ್ತೊಂದು.

ಪಾಪಾತಿ ಅಂತ ಹೆಸರು, ಎಂದ
ಲೈನ್ ಮನೆಯ ಅಂಗಡಿಯವನು.
ನರ್ಸರಿಯಲ್ಲಿ ಕಾಫಿ ಸಸಿಯ ತೊಟ್ಟೆಗೆ ಮಣ್ಣು ತುಂಬುತ್ತಾಳೆ.
ಆನೆ ಬಂದ ದಿನ, ಉಳಿದವರು ಓಡುವುದನ್ನು ನೋಡಿ
ಓಡುತ್ತಾಳಂತೆ.
"ಹಂಸಾಕ, ನಿನಗೆ ಗೊತ್ತಿರಲಿಲ್ವಾ?"
ಹನ್ನೊಂದು ವರ್ಷ ಅದೇ ದಾರಿ ತುಳಿದಿದ್ದೇನೆ.
ನನಗೆ ಗೊತ್ತಿದ್ದದ್ದು ಬೆನ್ನುಗಳು ಮಾತ್ರ:
ಬೆಲ್ಲಿಗೆ ಎಡಕ್ಕೆ ಹಾರುವ ಬೆನ್ನು,
ಬಲಕ್ಕೆ ಹಾರುವ ಬೆನ್ನು,
ಗಾಬರಿಗೆ ಎರಡೂ ಕಡೆ ಹಾರಿ
ನಡುವಿಗೇ ಬಂದು ನಿಲ್ಲುವ ಬೆನ್ನು.

ಹೊಸ ರಬ್ಬರು ಹಾಕಿಸಿದೆ.
ಆಮೇಲೆ ಒಂದು ದಿನ ಕಣ್ಣಿಗೆ ಬಿತ್ತು:
ಬೆಳಿಗ್ಗೆ ನಾವಿಬ್ಬರೂ ಪಡುವಣಕ್ಕೆ, ಬಿಸಿಲು ಬೆನ್ನಿಗೆ.
ಸಂಜೆ ಮೂಡಣಕ್ಕೆ, ಆಗಲೂ ಬೆನ್ನಿಗೇ.
ನನಗಿಂತ ನಾಲ್ಕಾಳು ಮುಂದೆ ನನ್ನ ನೆರಳು
ಟೊಪ್ಪಿ, ಪೆಟ್ಟಿಗೆ, ಕೊಕ್ಕರೆಕಾಲು ಸಮೇತ
ಅವಳ ಪಾದ ದಾಟಿ ಮೆಲ್ಲಗೆ ಮುಂದಕ್ಕೆ ಚಾಚುತ್ತದೆ.
ಅವಳು ನೆಲ ನೋಡಿ ನಡೆಯುವವಳು.
ಒಂದು ಹೆಜ್ಜೆ ಬಲಕ್ಕೆ ಸರಿದಳು.
ತಿರುಗಲಿಲ್ಲ, ಬೆಚ್ಚಲಿಲ್ಲ.
ಪೆಡಲು ನಿಲ್ಲಿಸಿ ಹಾದುಹೋದೆ,
ಚಕ್ರದ ಟಿಕಟಿಕ ನನಗೊಬ್ಬನಿಗೇ.

ಹೀಗೆ ಕುಯ್ಲು ಮುಗಿಯಿತು, ಕಾಫಿ ಹೂ ಬಿಟ್ಟಿತು.
ಜೂನಿಗೆ ಸೂರ್ಯ ರಜೆ ಹಾಕಿದ.
ನಮ್ಮಲ್ಲಿ ಮಳೆಗಾಲವೆಂದರೆ ನೆರಳಿಲ್ಲದ ಕಾಲ.
ಪ್ಲಾಸ್ಟಿಕ್ ಕೊಪ್ಪೆಯೊಳಗೆ ಅವಳಿಗೆ
ಎಡಬಲವೂ ಇಲ್ಲ.
ಏನನ್ನು ಕಳಿಸಲಿ ಮುಂದೆ?
ಟಾರ್ಚು ಬಿಟ್ಟು ನೋಡಿದೆ, ಮಳೆ ಕುಡಿದುಬಿಟ್ಟಿತು.
ಕಲ್ಲೆಸೆದು ಕರೆಯಲು ಅವಳೇನು ಹಸುವೆ?

ಇಳಿದೆ.
ಸೈಕಲ್ಲು ತಳ್ಳುತ್ತಾ ಹತ್ತು ಹೆಜ್ಜೆ ಹಿಂದೆ ನಡೆದೆ,
ಮೋರಿಯವರೆಗೆ. ಅಲ್ಲಿ ದಾರಿ ಅಗಲ.
ಅಲ್ಲಿ ಅವಳು ಚಪ್ಪಲಿ ಕಳಚಿ
ಬೆರಳ ಸಂದಿಯ ಜಿಗಣೆ ಕೀಳಲು ನಿಲ್ಲುತ್ತಾಳೆ,
ಹಿಂದೆ ನೋಡುತ್ತಾಳೆ, ತಲೆಯಾಡಿಸುತ್ತಾಳೆ.
ಆಮೇಲೆ ನಾನು ಹತ್ತುತ್ತೇನೆ.
ಏಳು ನಿಮಿಷ ತಡ.
ಯಾಕೆ, ಎಂದ ಅಂಗಡಿಯವನು. ಮಳೆ, ಎಂದೆ.

ಮೊನ್ನೆ ಹೋಂಸ್ಟೇಯ ಮೂವರು ಹುಡುಗರು,
ಗೇರಿನ ಸೈಕಲ್ಲು, ತಲೆಗೆ ಬಣ್ಣದ ಹೆಲ್ಮೆಟ್ಟು,
ಹಿಂದಿನಿಂದ "ಸೈಡ್! ಸೈಡ್!" ಎಂದರು.
ನನ್ನದನ್ನು ದಾರಿಗೆ ಅಡ್ಡ ನಿಲ್ಲಿಸಿದೆ.
ಮುಂದೆ ಒಬ್ಬಳಿದ್ದಾಳೆ, ಎಂದೆ.
"ಬೆಲ್ ಹೊಡೆದ್ರೆ ಆಯ್ತಲ್ಲ ಅಂಕಲ್."
ಹೊಡೆದಿದ್ದೇನೆ, ಎಂದು ಮೊಣಕೈ ತೋರಿಸಿದೆ.

ಅವರೂ ಇಳಿದರು, ಗೊಣಗುತ್ತಲೇ.
ಮಳೆಯಲ್ಲಿ ನಾಲ್ಕು ಸೈಕಲ್ಲು, ನಾಲ್ಕು ಜನ,
ಮುಂದೆ ಒಂದು ನೀಲಿ ಕೊಪ್ಪೆ,
ತನ್ನ ಹಿಂದೆ ಇಷ್ಟು ದೊಡ್ಡ ದಿಬ್ಬಣ
ಬರುತ್ತಿರುವುದು ಗೊತ್ತೇ ಇಲ್ಲದೆ.

ಮೋರಿಯಲ್ಲಿ ತಿರುಗಿದಳು.
ಬೆರಳೆತ್ತಿ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು.
ಕೊನೆಗೆ ತನ್ನೆದೆ ಮುಟ್ಟಿಕೊಂಡು, ಐದು,
ನನ್ನ ಪೆಟ್ಟಿಗೆಯ ಕಡೆ ಗದ್ದ ಚಾಚಿದಳು.

ತೆರೆದೆ.